ಅವಳಿಗೆ ಮಾತ್ರ ಒಲಿದ ಗೇರ್‌ಬಾಕ್ಸ್

ಯಾರ ಮೇಲೆ ಹೊಟ್ಟೆಕಿಚ್ಚು ಪಡಬೇಕು ಎಂಬುದಕ್ಕೂ ಒಂದು ಮರ್ಯಾದೆ ಉಂಟು. ಪಕ್ಕದ ಮನೆಯವರ ಮೇಲೆ ಪಡಬಹುದು, ಅದು ವಾಡಿಕೆ. ಜೊತೆಯಲ್ಲಿ ಓದಿ ಈಗ ನಮಗಿಂತ ದೊಡ್ಡ ಮನೆ ಕಟ್ಟಿದವನ ಮೇಲೆ ಪಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ದಾಯಾದಿಗಳ ಮೇಲಂತೂ ಪಡದಿದ್ದರೆ ಅವರಿಗೇ ಬೇಸರವಾಗುತ್ತದೆ. ಆದರೆ ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಬಾಳಿದ ಸ್ವಂತ ಹೆಂಡತಿಯ ಮೇಲೆ, ಅದೂ ಒಂದು ಗೇರ್‌ಬಾಕ್ಸಿನ ದೆಸೆಯಿಂದ ಹೊಟ್ಟೆಕಿಚ್ಚು ಪಟ್ಟವರು ನನ್ನನ್ನು ಬಿಟ್ಟು ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಇಬ್ಬರೂ ಕೂತು ಒಂದು ಚಹಾ ಕುಡಿಯುವ.

ನಾನು ಲೈಸೆನ್ಸ್ ಪಡೆದ ಖಾಸಗಿ ಸರ್ವೆಯರ್. ಮನೆ ಸಿದ್ಧಕಟ್ಟೆಯಲ್ಲಿ. ಕೆಲಸ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ. ಈ ಮೂರರ ನಡುವೆ ಸಪಾಟಾದ ಜಾಗ ಎಂದರೆ ಶಾಲೆಯ ಮೈದಾನಗಳು ಮಾತ್ರ; ಉಳಿದದ್ದೆಲ್ಲ ಏರು, ಇಳಿಜಾರು, ತೋಡು, ಗುಡ್ಡ. ತಕರಾರಿನ ಜಾಗವಂತೂ ಯಾವತ್ತೂ ಡಾಂಬರು ರಸ್ತೆಯ ಬದಿಯಲ್ಲಿರುವುದಿಲ್ಲ. ಅದು ರಬ್ಬರ್ ತೋಟ ದಾಟಿ, ನೀರು ಹರಿಯುವ ತೋಡು ದಾಟಿ, ಕೆಂಪು ಮುರಕಲ್ಲಿನ ಮೇಲೆ ಚಕ್ರ ಜಾರುವ ಒಂದು ಏರು ದಾಟಿ, ಅದರಾಚೆ ಇರುತ್ತದೆ. ಇಪ್ಪತ್ತೆರಡು ವರ್ಷ ಒಂದು ಹಳೆಯ ಜೀಪಿನಲ್ಲಿ ಈ ಏರುಗಳನ್ನೆಲ್ಲ ಹತ್ತಿದೆ. ಆ ಜೀಪಿನ ಕ್ಲಚ್ ಒತ್ತಬೇಕಾದರೆ ಬೆಳಿಗ್ಗೆ ಗಂಜಿ ಊಟ ಸರಿಯಾಗಿ ಆಗಿರಬೇಕು. ಕೊನೆಗೆ ನನ್ನ ಎಡ ಮೊಣಕಾಲು ಮುಷ್ಕರ ಹೂಡಿತು. ಡಾಕ್ಟರು ಎಕ್ಸ್‌ರೇ ನೋಡಿ, "ಒಂದೋ ಜೀಪು ಬಿಡಿ, ಇಲ್ಲವಾದರೆ ಕಾಲಿನ ಆಸೆ ಬಿಡಿ" ಎಂದರು. ಕಾಲನ್ನು ಇಟ್ಟುಕೊಂಡು ಜೀಪು ಮಾರಿದೆ.

ಅದರ ಬದಲಿಗೆ ಬಂದದ್ದು ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಗಾಡಿ. ಹಳೆಯ ಮಾದರಿ, ಆದರೆ ಗಟ್ಟಿ. ನಾಲ್ಕೂ ಚಕ್ರಕ್ಕೆ ಎಳೆತ ಉಂಟು, ಆರು ಗೇರ್ ಉಂಟು, ಕ್ಲಚ್ ಮಾತ್ರ ಇಲ್ಲ. ಕಾಲಿನ ಬುಡದಲ್ಲಿ ಎರಡೇ ಪೆಡಲ್, ಹೋಗಲಿಕ್ಕೆ ಒಂದು, ನಿಲ್ಲಲಿಕ್ಕೆ ಒಂದು. ಗೇರ್ ಎಲ್ಲ ತಾನಾಗಿ ಬೀಳುತ್ತದೆ. ಮೊದಲ ದಿನ ಓಡಿಸುವಾಗ ಅಡುಗೆಮನೆಗೆ ಹೋಗದೆಯೇ ಊಟ ಸಿಕ್ಕಿದಷ್ಟು ಸುಖವಾಯಿತು. ನಾನು ಅದಕ್ಕೆ ಮರ್ಯಾದೆ ಕೊಟ್ಟು ಓಡಿಸಿದವನಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೊಣಕಾಲು ಮಟ್ಟದ ನೀರಿಗೆ ಇಳಿಸಿದೆ, ಗಡಿಕಲ್ಲುಗಳನ್ನು ಹೇರಿಕೊಂಡು ಗುಡ್ಡ ಹತ್ತಿಸಿದೆ, ಕೆಸರಿನಲ್ಲಿ ಹೂತಾಗ ಹಿಂದೆ ಮುಂದೆ ಹಿಂದೆ ಮುಂದೆ ಎಂದು ಜಗ್ಗಾಡಿಸಿದೆ. ಹತ್ತದ ಏರು ಇಲ್ಲ ಎಂದು ಬಂಟ್ವಾಳದ ತಾಲೂಕು ಕಚೇರಿಯ ಕ್ಯಾಂಟೀನಿನಲ್ಲಿ ನಾಲ್ಕು ಜನರ ಎದುರು ಹೇಳಿಯೂ ಬಂದೆ.

ಐದನೆಯ ತಿಂಗಳಿಗೆ ಗಾಡಿ ತಕರಾರು ಶುರು ಮಾಡಿತು. ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಬೆನ್ನಿಗೆ ಯಾರೋ ಗುದ್ದಿದ ಹಾಗೆ ಒಂದು ಜರ್ಕ್. ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ನಿಂತಲ್ಲೇ ಯೋಚನೆ ಮಾಡುತ್ತದೆ. ಮೂರಕ್ಕೆ ಹೋಗಲಾ, ಎರಡರಲ್ಲೇ ಇರಲಾ ಎಂದು ಅದಕ್ಕೆ ತೀರ್ಮಾನಿಸಲಿಕ್ಕೇ ಆಗುವುದಿಲ್ಲ. ಆಮೇಲೆ ಸುಟ್ಟ ವಾಸನೆ, ಅದರ ಹಿಂದೆಯೇ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಹಳದಿ ದೀಪ. ದೀಪ ಆರುವವರೆಗೆ ಬಾನೆಟ್ ಎತ್ತಿ, ರಸ್ತೆ ಬದಿಯಲ್ಲಿ ನಿಂತು, ಹೋಗುವ ಬರುವವರ ಸಲಹೆ ಕೇಳಬೇಕು.

ಇಷ್ಟೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ, ಮೆಕ್ಯಾನಿಕ್ಕಿನ ಹತ್ತಿರ ಹೋಗುತ್ತಿದ್ದೆ, ಅಷ್ಟೆ. ಸಂಕಟ ಬೇರೆಯೇ. ಈ ಗಾಡಿ ಹೀಗೆಲ್ಲ ಮಾಡುವುದು ನಾನು ಓಡಿಸಿದರೆ ಮಾತ್ರ. ಶಶಿ ಓಡಿಸಿದರೆ ಇಲ್ಲ.

ಶಶಿ ಎಂದರೆ ಶಶಿಕಲಾ, ನನ್ನ ಹೆಂಡತಿ. ಹತ್ತೊಂಬತ್ತು ವರ್ಷಗಳ ಹಿಂದೆ ಅವಳಿಗೆ ನಾನೇ ಜೀಪಿನಲ್ಲಿ ಡ್ರೈವಿಂಗ್ ಕಲಿಸಲು ಹೊರಟಿದ್ದೆ. ಮೊದಲ ದಿನ ಗಾಡಿ ಹನ್ನೊಂದು ಸಲ ನಿಂತಿತು. ಎರಡನೆಯ ದಿನ ನಾನು "ಕ್ಲಚ್! ಕ್ಲಚ್!" ಎಂದು ಬೊಬ್ಬೆ ಹಾಕಿದ್ದು ಪೇಟೆಯ ಬಸ್‌ಸ್ಟ್ಯಾಂಡಿಗೆ ಕೇಳಿತಂತೆ. ಮೂರನೆಯ ದಿನ ಅವಳು ಏರಿನ ಅರ್ಧದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲು ತೆಗೆದು, ಸೀರೆಯ ನೆರಿಗೆ ಸರಿಮಾಡಿಕೊಂಡು ಮನೆಗೆ ನಡೆದುಕೊಂಡು ಹೋದಳು. ಆಮೇಲೆ ಡ್ರೈವಿಂಗ್ ಸುದ್ದಿ ಎತ್ತಲಿಲ್ಲ. ಹೆಂಗಸರಿಗೆ ಇದೆಲ್ಲ ಆಗಿಬರುವುದಿಲ್ಲ ಎಂದು ನಾನು ಒಳಗೊಳಗೇ ಷರಾ ಬರೆದು ಆ ಕಡತ ಮುಚ್ಚಿದ್ದೆ.

ಅದನ್ನು ತೆರೆದವಳು ಪಕ್ಕದ ಮನೆಯ ಜುಲೇಖಾ. ಅವಳ ಗಂಡ ಈಗಲೂ ಗಲ್ಫಿನಲ್ಲಿ ವ್ಯಾಪಾರ ಮಾಡುತ್ತಾನೆ. ಹದಿನೆಂಟು ವರ್ಷ ಅವಳೂ ಅಲ್ಲೇ ಇದ್ದು, ಮಕ್ಕಳ ಕಾಲೇಜಿಗೆಂದು ಊರಿಗೆ ಬಂದವಳು. ಅಲ್ಲಿನ ಎಂಟು ಸಾಲಿನ ರಸ್ತೆಗಳಲ್ಲಿ ಕಾರು ಓಡಿಸಿದವಳಿಗೆ ನಮ್ಮ ರಸ್ತೆ ಏನು ಲೆಕ್ಕ. ನಮ್ಮ ಅಂಗಳದಲ್ಲಿ ಕ್ಲಚ್ ಇಲ್ಲದ ಗಾಡಿ ಬಂದು ನಿಂತದ್ದನ್ನು ನೋಡಿದವಳೇ, "ಶಶಿಯಕ್ಕ, ಇದಾದರೆ ನಾನು ಹತ್ತು ದಿನದಲ್ಲಿ ಕಲಿಸ್ತೇನೆ. ಅಣ್ಣ ಹತ್ತಿರ ಬರಬಾರದು, ಅಷ್ಟೇ" ಎಂದಳು. ನಾನು ಹತ್ತಿರ ಹೋಗಲಿಲ್ಲ. ಒಂಬತ್ತೇ ದಿನಕ್ಕೆ ಕಲಿಸಿದಳು.

ಶಶಿ ಮೂಡುಬಿದಿರೆಯ ಒಂದು ಮಹಿಳಾ ತಾಳಮದ್ದಳೆ ತಂಡದಲ್ಲಿ ಅರ್ಥ ಹೇಳುವವಳು, ಎಂದರೆ ವೇಷ ಹಾಕದೆ ಕೂತಲ್ಲಿಂದಲೇ ಪುರಾಣದ ಪಾತ್ರವಾಗಿ ವಾದ ಮಾಡುವವಳು. ಅರ್ಥಧಾರಿಯನ್ನು ಮದುವೆಯಾದವನ ಕಷ್ಟ ಅರ್ಥಧಾರಿಯನ್ನು ಮದುವೆಯಾದವನಿಗೇ ಗೊತ್ತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನೀವು ಒಂದು ಮಾತು ಹೇಳಿದರೆ, ಉಪ್ಪು ಎಂದರೇನು, ಹೆಚ್ಚು ಎಂದರೇನು, ಹೆಚ್ಚಾಯಿತೆಂದು ಹೇಳುವ ಅಧಿಕಾರ ಯಾರಿಗೆ ಎಂದು ಆ ಕಡೆಯಿಂದ ಅರ್ಧ ಗಂಟೆ ಪೀಠಿಕೆ ಬರುತ್ತದೆ. ಇಷ್ಟು ವರ್ಷ ಅವಳ ಕೂಟಗಳಿಗೆ ನಾನೇ ಬಿಡಬೇಕಿತ್ತು, ನಾನೇ ಕರೆತರಬೇಕಿತ್ತು. ನನಗೆ ಸರ್ವೆ ಇದ್ದ ದಿನ ಅವಳಿಗೆ ಕೂಟ ಇಲ್ಲ. ಗಾಡಿ ಕಲಿತ ಮೇಲೆ ಅವಳೇ ಹೋಗಲು ಶುರುಮಾಡಿದಳು. ಹೋಗಿ ಬಂದು, "ಗಾಡಿ ಎಷ್ಟು ಒಳ್ಳೆಯದುಂಟು ಅಲ್ಲವಾ" ಎನ್ನುತ್ತಿದ್ದಳು. ಆ ಹೊತ್ತಿಗೆ ನನ್ನ ಬೆನ್ನು ಜರ್ಕ್ ತಿಂದು ತಿಂದು ನೋಯುತ್ತಿತ್ತು.

ಮೊದಲು ನಾನು ನಂಬಲಿಲ್ಲ. ಒಂದು ದಿನ ಬೇಕೆಂದೇ ಹಿಂದಿನ ಸೀಟಿನಲ್ಲಿ ಕೂತು ಸಿದ್ಧಕಟ್ಟೆಯಿಂದ ಬಂಟ್ವಾಳದವರೆಗೆ ಅವಳಿಂದ ಓಡಿಸಿದೆ. ಒಂದು, ಎರಡು, ಮೂರು, ನಾಲ್ಕು. ಗೇರ್ ಬಿದ್ದದ್ದು ಮುಳ್ಳು ನೋಡಿ ತಿಳಿಯಬೇಕೇ ಹೊರತು ಮೈಗೆ ತಿಳಿಯುವ ಹಾಗೇ ಇಲ್ಲ. ವಾಪಸು ಬರುವಾಗ ನಾನು ಕೂತೆ. ಪೇಟೆ ದಾಟುವ ಮೊದಲೇ ಮೂರು ಸಲ ಗುದ್ದಿತು. ಶಶಿ ಪಕ್ಕದಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದಳು. ಹಲ್ಲು ಕಚ್ಚಿ ನಗು ತಡೆದವರು ಹಾಗೆಯೇ ನೋಡುವುದು.

ಹೊಟ್ಟೆಕಿಚ್ಚಿನ ವಿಚಾರದಲ್ಲಿ ನಾನು ಕೇವಲ ಹವ್ಯಾಸಿಯಲ್ಲ ಎಂದು ನಿಮಗೆ ತಿಳಿಸಬೇಕು. ಮೂವತ್ತು ವರ್ಷಗಳಿಂದ ಅದನ್ನು ಅಳೆಯುವುದೇ ನನ್ನ ಕಸುಬು. ಅಣ್ಣನ ಪಾಲಿಗೆ ಮಾವಿನ ಮರ ಹೋಯಿತೆಂದು ತಮ್ಮ ಗಡಿಕಲ್ಲು ಕಿತ್ತದ್ದನ್ನು ನೋಡಿದ್ದೇನೆ. ಅರ್ಧ ಸೆಂಟ್ಸ್ ಜಾಗಕ್ಕೆ ಹತ್ತು ವರ್ಷ ಮಾತು ಬಿಟ್ಟವರ ನಡುವೆ ಟೇಪಿನ ಒಂದೊಂದು ತುದಿ ಕೊಟ್ಟು ನಿಲ್ಲಿಸಿದ್ದೇನೆ. ಹಿರಿಯರು ಮನುಷ್ಯನಿಗೆ ಆರು ವೈರಿಗಳೆಂದು ಪಟ್ಟಿ ಮಾಡಿ ಮತ್ಸರವನ್ನು ಕಟ್ಟಕಡೆಗೆ ಇಟ್ಟರು. ನಾನು ಚಿಕ್ಕಂದಿನಲ್ಲಿ ಅದು ಎಲ್ಲಕ್ಕಿಂತ ಸಣ್ಣದು, ಹಾಗಾಗಿ ಕೊನೆಗೆ ಎಂದುಕೊಂಡಿದ್ದೆ. ಈಗ ತಿಳಿಯುತ್ತದೆ, ಅದು ಆರನೆಯ ಗೇರ್. ಉಳಿದ ಐದನ್ನು ದಾಟಿದ ಮೇಲೆ ಬೀಳುವಂಥದ್ದು. ಒಮ್ಮೆ ಬಿದ್ದರೆ ಆಕ್ಸಿಲರೇಟರ್ ಒತ್ತಬೇಕೆಂದೇ ಇಲ್ಲ, ತಾನಾಗಿ ಹೋಗುತ್ತದೆ. ತುಳುವಿನಲ್ಲಿ ನಾವು ಇದನ್ನು ನಂಜಿ ಎನ್ನುತ್ತೇವೆ. ಕನ್ನಡದವರ ಹೊಟ್ಟೆಯಲ್ಲಿ ಕಿಚ್ಚು, ನಮ್ಮಲ್ಲಿ ನೇರವಾಗಿ ವಿಷ. ನನಗೆ ಎರಡೂ ಭಾಷೆ ಬರುವುದರಿಂದ ಎರಡೂ ಆಯಿತು.

ಪೊಳಲಿ ದೇವಸ್ಥಾನಕ್ಕೆ ಹೋದ ದಿನದ ಕಥೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಶಶಿಯೇ ಓಡಿಸಿದ್ದಳು. ಒಳಗೆ ಹೋಗಿ ಅಮ್ಮನವರ ಎದುರು ನಿಂತೆ. ಮಣ್ಣಿನ ಅಷ್ಟು ದೊಡ್ಡ ಮೂರ್ತಿ. ಅದರ ಎದುರು ನಿಂತವನಿಗೆ ತಾನು ಕೇಳಬೇಕಾದದ್ದು ಏನಾದರೂ ದೊಡ್ಡದು ಇರಬೇಕು ಎನಿಸುತ್ತದೆ. ಮಗಳ ಉದ್ಯೋಗ, ಊರಿನ ಕ್ಷೇಮ, ಲೋಕದ ಶಾಂತಿ. ನಾನು ಕಣ್ಣು ಮುಚ್ಚಿ ಬೇಡಿಕೊಂಡದ್ದು ಇಷ್ಟೇ. "ಅಮ್ಮಾ, ವಾಪಸು ಹೋಗುವಾಗ ಇವಳಿಗೆ ಒಂದೇ ಒಂದು ಸಲ ಜರ್ಕ್ ಹೊಡೆಯಲಿ." ಅಮ್ಮನವರು ನಕ್ಕರೋ ಏನೋ. ವಾಪಸು ಬರುವಾಗ ಗಾಡಿ ತೊಟ್ಟಿಲಿನ ಹಾಗೆ ಬಂತು. ನನಗೆ ದಾರಿಯಲ್ಲಿ ನಿದ್ದೆಯೂ ಬಂತು.

ಇಷ್ಟಾದರೂ ಇದು ನಮ್ಮ ಮನೆಯೊಳಗಿನ ಸುದ್ದಿಯಾಗಿತ್ತು. ಊರಿಗೆ ತಿಳಿದದ್ದು ಮುಂಡಾಜೆಯಲ್ಲಿ. ಅಲ್ಲಿ ಗುಡ್ಡದ ಮೇಲೆ ಒಂದು ಪಾಲುಪಟ್ಟಿಯ ಅಳತೆ. ಎರಡೂ ಕಡೆಯ ಪಾರ್ಟಿಗಳು, ಪಂಚಾಯತ್ ಸದಸ್ಯರೊಬ್ಬರು, ಇಬ್ಬರು ಹಿರಿಯರು ಎಲ್ಲ ಏರಿನ ಬುಡದಲ್ಲಿ ನನಗಾಗಿ ಕಾಯುತ್ತಿದ್ದರು. ಸಂಜೆ ಬೆಳ್ತಂಗಡಿಯಲ್ಲಿ ಕೂಟವಿದ್ದುದರಿಂದ ಶಶಿಯೂ ಜೊತೆಗಿದ್ದಳು. "ಸರ್ವೆಯರ್ರೇ, ಮೊನ್ನೆ ಮಳೆ ಬಂದಿದೆ, ಹತ್ತುತ್ತದಾ?" ಎಂದು ಯಾರೋ ಕೇಳಿದರು. ನಾನು ಉತ್ತರ ಕೊಡದೆ ಗಾಜು ಏರಿಸಿದೆ. ಉತ್ತರವನ್ನು ಗಾಡಿಯೇ ಕೊಡಲಿ ಎಂದು.

ಗಾಡಿ ಕೊಟ್ಟಿತು. ಅರ್ಧ ಏರಿನಲ್ಲಿ ಎಂಜಿನ್ ಕೂಗಿತು, ಚಕ್ರ ತಿರುಗಲಿಲ್ಲ, ಹಳದಿ ದೀಪ ಬಂತು, ವಾಸನೆಗೆ ಹಿರಿಯರೊಬ್ಬರು ಮೂಗಿಗೆ ಶಾಲು ಹಿಡಿದರು. ನಿಧಾನ ಹಿಂದಕ್ಕೆ ಇಳಿಸಿ ಅರ್ಧ ಗಂಟೆ ತಣಿಸಿದೆ. ಎರಡನೆಯ ಸಲವೂ ಅದೇ ಕಥೆ, ಇನ್ನೊಂದು ಅರ್ಧ ಗಂಟೆ. ಆಗ ಶಶಿ ಮೆಲ್ಲ, "ನಾನೊಮ್ಮೆ ನೋಡಲಾ?" ಎಂದಳು. ಅವಳಿಂದಲೂ ಆಗುವುದಿಲ್ಲ ಎಂದು ಎಲ್ಲರಿಗೂ ಕಾಣಲಿ ಎಂಬ ಒಂದೇ ಕಾರಣಕ್ಕೆ ಕೀ ಕೊಟ್ಟು ಇಳಿದೆ. ಅವಳು ಸೀಟು ಮುಂದಕ್ಕೆ ಎಳೆದು, ಕನ್ನಡಕ ಹಾಕಿ, ಗಾಡಿಯನ್ನು ಏರಿಗೆ ಕೊಟ್ಟಳು. ಅದು ಬೊಬ್ಬೆಯಿಲ್ಲದೆ, ಹೊಗೆಯಿಲ್ಲದೆ, ನೆಂಟರ ಮನೆಯ ಮೆಟ್ಟಿಲು ಹತ್ತುವ ಹಾಗೆ ಹತ್ತಿಹೋಯಿತು. ಶಾಲಿನ ಹಿರಿಯರು, "ಅಕ್ಕ ಭಾರೀ ಲಾಯ್ಕ ಓಡಿಸ್ತಾರೆ ಮಾರಾಯ್ರೆ, ನೀವು ಅವರಿಂದಲೇ ಓಡಿಸಬಹುದಲ್ಲ?" ಎಂದು ನನ್ನನ್ನೇ ಕೇಳಿದರು. ನಾನು ಟ್ರೈಪಾಡನ್ನು ಹೆಗಲಿಗೆ ಹಾಕಿ ಆ ಏರನ್ನು ನಡೆದು ಹತ್ತಿದೆ. ಮೇಲೆ ತಲುಪುವಾಗ ಅವಳು ಪಾರ್ಟಿಗಳು ಕೊಟ್ಟ ಬೊಂಡದ ಎಳನೀರು ಕುಡಿಯುತ್ತಿದ್ದಳು. ಆ ದಿನ ನನ್ನ ಹೊಟ್ಟೆಯಲ್ಲಿ ಉರಿದದ್ದಕ್ಕೆ ಒಂದು ಬೊಂಡ ಏನೂ ಸಾಲುತ್ತಿರಲಿಲ್ಲ.

ಮರುದಿನವೇ ಮೂಡುಬಿದಿರೆಗೆ ವಿನ್ಸೆಂಟ್ ಪೊರ್ಬುಗಳ ಗ್ಯಾರೇಜಿಗೆ ಹೋದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗುಟ್ಟು ಬಲ್ಲವರು ನಮ್ಮ ಕಡೆ ಅವರೊಬ್ಬರೇ. ಅವರು ಓಡಿಸಿ ನೋಡಿದಾಗ, ಡಾಕ್ಟರನ್ನು ಕಂಡ ಕೂಡಲೇ ಇಳಿಯುವ ಜ್ವರದ ಹಾಗೆ, ಒಂದು ಜರ್ಕ್ ಕೂಡ ಇಲ್ಲ. ಆಮೇಲೆ ಒಂದು ಉದ್ದ ಕಡ್ಡಿ ಎಳೆದು ಗೇರ್ ಎಣ್ಣೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ದಾಸವಾಳದ ಹಾಗೆ ಕೆಂಪಗಿರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು.

"ಎಣ್ಣೆ ಬೆಂದುಹೋಗಿದೆ. ನೀವು ಹೇಗೆ ಓಡಿಸ್ತೀರಿ?" ಎಂದು ಕೇಳಿದರು.

"ನಾನು ಮೂವತ್ತು ವರ್ಷದಿಂದ ಓಡಿಸ್ತಾ ಇದ್ದೇನೆ" ಎಂದೆ.

"ನಾನು ಕೇಳಿದ್ದು ಅದಲ್ಲ" ಎಂದು ಪೊರ್ಬುಗಳು ಗಾಡಿಯ ಅಡಿಗೆ ಬಗ್ಗಿದರು. "ಬ್ರೇಕ್ ಪ್ಯಾಡೂ ಪೂರ್ತಿ ಸವೆದಿದೆಯಲ್ಲ. ಇಷ್ಟು ಬೇಗ ಸವೆಯಲಿಕ್ಕಿಲ್ಲ."

ನಮ್ಮ ಇಳಿಜಾರುಗಳೇ ಹಾಗೆ ಎಂದೆ. ಅವರು ಒಪ್ಪಲಿಲ್ಲ, ವಾದವನ್ನೂ ಮಾಡಲಿಲ್ಲ. ಎಣ್ಣೆ, ಫಿಲ್ಟರ್ ಬದಲಿಸಿ ನೋಡುವ, ಆಗದಿದ್ದರೆ ಬಿಚ್ಚಬೇಕು ಎಂದರು. ಬಿಚ್ಚಬೇಕು ಎಂಬ ಮಾತು ಮಾತ್ರ ನನ್ನ ಕಿವಿಗೆ ಬಿತ್ತು. ಬೇಕಾದದ್ದನ್ನು ಮಾತ್ರ ಕೇಳುವ ಕಿವಿಗಳು ನನ್ನವು. ಎಣ್ಣೆ ಬದಲಿಸದೆ ಮನೆಗೆ ಬಂದು, ಊಟದ ಹೊತ್ತಿಗೆ ಶಶಿಗೆ, "ಈ ಗೇರ್‌ಬಾಕ್ಸ್ ಹೋದ ಹಾಗೆಯೇ. ಮಾರಿಬಿಡುವ. ಹಳೆಯ ನಮೂನೆಯ ಕ್ಲಚ್ ಇರುವ ಗಾಡಿಯೇ ನಮ್ಮ ಗುಡ್ಡಕ್ಕೆ ಸರಿ" ಎಂದೆ. ಮೊಣಕಾಲಿನ ಬಗ್ಗೆ ಅವಳು ಕೇಳಿದರೆ ಹೇಳಲಿಕ್ಕೆಂದು ಒಂದು ಆಯುರ್ವೇದ ತೈಲದ ಹೆಸರನ್ನೂ ನೆನಪಿಟ್ಟುಕೊಂಡಿದ್ದೆ.

ನಿಜ ಏನೆಂದು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಕ್ಲಚ್ ಇರುವ ಗಾಡಿ ಬಂದರೆ ಶಶಿ ಓಡಿಸುವ ಹಾಗಿಲ್ಲ. ಅವಳು ಪುನಃ ನನ್ನ ಪಕ್ಕದ ಸೀಟಿಗೆ ಬರುತ್ತಾಳೆ, ಅಲ್ಲಿಗೆ ಮುಂಡಾಜೆಯ ಏರು ಎಲ್ಲರಿಗೂ ಮರೆತುಹೋಗುತ್ತದೆ. ನನ್ನ ಲೆಕ್ಕ ಇದ್ದದ್ದು ಹೀಗೆ. ಅವಳು ವಾದಕ್ಕೆ ಇಳಿಯುತ್ತಾಳೆ ಎಂದು ನಾನು ಸಿದ್ಧನಾಗಿ ಕೂತಿದ್ದೆ. ಉಪ್ಪಿಗೆ ಅರ್ಧ ಗಂಟೆ ಮಾತಾಡುವವಳು ಗಾಡಿಗೆ ಕಡಿಮೆಯೆಂದರೆ ಎರಡು ಗಂಟೆ ಮಾತಾಡಬೇಕು. ಅವಳು ಮಜ್ಜಿಗೆ ಬಡಿಸಿ, "ಮಾರುವುದಾದರೆ ಮಾರಿ" ಎಂದಳು. ಅಷ್ಟೇ. ನನಗೆ ಗೆದ್ದ ಹಾಗೆ ಆಗಲಿಲ್ಲ. ಎದುರಾಳಿ ವೇದಿಕೆಗೇ ಬಾರದಿದ್ದರೆ ಗೆದ್ದವನು ಎಷ್ಟೆಂದು ಕೂತುಕೊಳ್ಳುವುದು?

ಬಂಟ್ವಾಳದ ಒಬ್ಬರು ಭಾನುವಾರ ಗಾಡಿ ನೋಡಲು ಬರುತ್ತೇವೆಂದು ಫೋನಿನಲ್ಲಿ ತಿಳಿಸಿದರು. ಅದಕ್ಕೆ ಮೊದಲು ಗುರುವಾರ ಬೆಳ್ತಂಗಡಿಯಲ್ಲಿ ಜುಲೇಖಾಳ ಅಕ್ಕನ ಮಗಳ ಮದುವೆ ಇತ್ತು. ನಾನು ಮತ್ತು ಶಶಿ ಮುಂದೆ, ಜುಲೇಖಾ ತನ್ನ ಕಾರಿನಲ್ಲಿ ಹಿಂದೆ. ನನ್ನ ಕಡೆಯ ದಿನಗಳ ರಾಜ್ಯಭಾರ ಎಂದು ನಾನೇ ಓಡಿಸಿದೆ, ಜರ್ಕುಗಳನ್ನೆಲ್ಲ ರಾಜಗಾಂಭೀರ್ಯದಿಂದ ನುಂಗಿದೆ. ಬಿರಿಯಾನಿ ಊಟ ಮುಗಿಸಿ ನಾನು ಕೈ ತೊಳೆಯುತ್ತಿದ್ದಾಗ ಜುಲೇಖಾ ಹತ್ತಿರ ಬಂದಳು. ಶಶಿ ಒಳಗೆ ಮದುಮಗಳ ಬಳಿ ಇದ್ದಳು.

"ಅಣ್ಣ, ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ನೀವು ಏರು ಹತ್ತುವಾಗ ಬ್ರೇಕ್ ಯಾಕೆ ಒತ್ತುವುದು?"

"ಏರಿನಲ್ಲಿ ಬ್ರೇಕ್ ಯಾರು ಒತ್ತುತ್ತಾರೆ ಮಾರಾಯ್ತಿ?" ಎಂದು ನಕ್ಕೆ.

"ಅದೇ ನಾನೂ ಕೇಳುವುದು. ದಾರಿಯುದ್ದ ನಿಮ್ಮ ಬ್ರೇಕ್ ಲೈಟ್ ಉರೀತಾ ಇತ್ತು. ಇಳಿಯುವಾಗ ಉರಿದರೆ ಸರಿ. ಹತ್ತುವಾಗಲೂ ಉರೀತದೆ, ಸಪಾಟಿನಲ್ಲೂ ಉರೀತದೆ. ನಾನು ನಿಮ್ಮ ಹಿಂದೆ ಎಷ್ಟು ಸಲ ಸುಮ್ಮನೆ ನಿಧಾನ ಮಾಡಿದೆ ಗೊತ್ತುಂಟಾ?"

"ಸ್ವಿಚ್ ಲೂಸ್ ಆಗಿರಬೇಕು" ಎಂದು ಟವೆಲಿಗೆ ಕೈ ಒರೆಸಿದೆ. ಪೊರ್ಬುಗಳು ಬ್ರೇಕ್ ಪ್ಯಾಡಿನ ಬಗ್ಗೆ ಹೇಳಿದ್ದು ಆಗ ನೆನಪಾಯಿತು. ಒರೆಸಿದ ಕೈಯನ್ನೇ ಪುನಃ ತೊಳೆದೆ.

ಮರುದಿನ ಬೆಳಿಗ್ಗೆ ಒಬ್ಬನೇ ಮನೆಯ ಹಿಂದಿನ ರಬ್ಬರ್ ತೋಟದ ಏರಿಗೆ ಗಾಡಿ ಒಯ್ದೆ. ಅರ್ಧಕ್ಕೆ ಬರುವಾಗ ಗಕ್ಕನೆ ಕೆಳಗೆ ನೋಡಿದೆ. ಬಲಗಾಲು ಆಕ್ಸಿಲರೇಟರಿನ ಮೇಲೆ ಇತ್ತು, ಅದು ಸರಿ. ಎಡಗಾಲು ಬ್ರೇಕಿನ ಮೇಲೆ ಇತ್ತು. ಒತ್ತಿ ಹಿಡಿದದ್ದಲ್ಲ, ಸುಮ್ಮನೆ ಭಾರ ಇಟ್ಟದ್ದು. ನಮ್ಮ ಕಡೆ ಜೀಪು ಓಡಿಸಿದವರೆಲ್ಲರ ಅಭ್ಯಾಸ ಅದು. ಏರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದೇ ಗಾಡಿಯನ್ನು ಹಿಂದೆ ಜಾರದ ಹಾಗೆ ನಿಲ್ಲಿಸುವುದು, ಹತ್ತಿಸುವುದು ಎಲ್ಲ. ಇಪ್ಪತ್ತೆರಡು ವರ್ಷ ಹಾಗೆ ದುಡಿದ ಕಾಲಿಗೆ ನಾನು ಒಮ್ಮೆಲೇ ನಿವೃತ್ತಿ ಕೊಟ್ಟಿದ್ದೆ. ನಿವೃತ್ತ ಗುಮಾಸ್ತರು ದಿನಾ ಬೆಳಿಗ್ಗೆ ಕಚೇರಿಗೆ ಬಂದು, ಬೇರೆಯವರ ಮೇಜಿನ ಕಡತದ ಮೇಲೆ ಕೈ ಊರಿ ನಿಲ್ಲುತ್ತಾರಲ್ಲ, ಅದೂ ಹಾಗೆಯೇ ಸಿಕ್ಕಿದ ಪೆಡಲಿನ ಮೇಲೆ ಬಂದು ಕೂತಿತ್ತು. ಒಂದು ಕಾಲು ಹೋಗು ಎನ್ನುತ್ತದೆ, ಇನ್ನೊಂದು ನಿಲ್ಲು ಎನ್ನುತ್ತದೆ. ನಡುವೆ ಸಿಕ್ಕಿದ ಗೇರ್‌ಬಾಕ್ಸ್ ಪಾಪ, ತನ್ನ ಎಣ್ಣೆಯಲ್ಲೇ ಬೆಂದಿತ್ತು. ಶಶಿ ಕ್ಲಚ್ ಎಂಬುದನ್ನೇ ಕಲಿಯದವಳು. ಅವಳ ಎಡಗಾಲು ಮನೆಯವರ ಮಾತು ಕೇಳಿಕೊಂಡು ತನ್ನ ಜಾಗದಲ್ಲಿ ಇರುತ್ತಿತ್ತು.

ಎಡಗಾಲನ್ನು ಮಡಚಿ ಸೀಟಿನ ಅಡಿಗೆ ತಳ್ಳಿ ಏರು ಹತ್ತಿಸಿದೆ. ಹಳೆಯ ಎಣ್ಣೆಯಲ್ಲೂ ಗಾಡಿ ಹತ್ತಿತು, ಜರ್ಕ್ ಅರ್ಧಕ್ಕರ್ಧ ಇಳಿದಿತ್ತು. ತೋಟದ ನಡುವೆ ಒಬ್ಬನೇ ಕೂತು ಚಪ್ಪಾಳೆ ಹೊಡೆದೆ. ಆಗ ನನಗೆ ಬಂದ ಮೊದಲ ಯೋಚನೆ ಏನೆಂದು ಬರೆಯಲು ಪೆನ್ನು ಸ್ವಲ್ಪ ಹಿಂದೆಮುಂದೆ ನೋಡುತ್ತಿದೆ. ಗಾಡಿ ಉಳಿಯಿತು ಎಂದು ಅಲ್ಲ. ಶಶಿಗೆ ಖುಷಿಯಾಗುತ್ತದೆ ಎಂದೂ ಅಲ್ಲ. ಇನ್ನು ಇವಳು ಓಡಿಸಬೇಕೆಂದಿಲ್ಲ, ಎಂದು. ಅದೇ ಮೊದಲು ಬಂದದ್ದು.

ಎರಡನೆಯ ಯೋಚನೆ ಇಷ್ಟು ಸುಖದ್ದಲ್ಲ. ಮಾರಾಟ ನಿಲ್ಲಿಸಬೇಕಾದರೆ ಕಾರಣ ಹೇಳಬೇಕು. ಕಾರಣ ಎಂದರೆ ನನ್ನ ಕಾಲು. ಮೂವತ್ತು ವರ್ಷದ ಡ್ರೈವರ್, ಹತ್ತದ ಏರಿಲ್ಲ ಎಂದವನು, ಒಂಬತ್ತು ದಿನದಲ್ಲಿ ಕಲಿತವಳ ಎದುರು ನಿಂತು ಅದನ್ನು ಹೇಳಬೇಕು. ಶುಕ್ರವಾರ ಹೇಳಲಿಲ್ಲ. ಶನಿವಾರ ಹೇಳಲಿಕ್ಕೆಂದು ಎರಡು ಸಲ ಅಡುಗೆಮನೆಗೆ ಹೋಗಿ, ನೀರು ಕುಡಿದು ವಾಪಸು ಬಂದೆ.

ಭಾನುವಾರ ಬೆಳಿಗ್ಗೆ ಬಂಟ್ವಾಳದವರು ಬಂದರು. ಮುರಕಲ್ಲು ಕಡಿಯುವ ಕೋರೆ ಇಟ್ಟುಕೊಂಡವರು, ಗಾಡಿ ಬಲ್ಲವರು. ಗೇರಿನ ಬಗ್ಗೆ ಅವರಿಗೆ ಸಂಶಯ ಬಾರದಿರಲಿ ಎಂದು ನಾನು ಶಶಿಯನ್ನೇ ಓಡಿಸಲು ಕಳುಹಿಸಿದೆ. ನನ್ನ ಸಣ್ಣತನ ಎಲ್ಲಿಯವರೆಗೆ ಹೋಗಿತ್ತೆಂದರೆ, ಅವಳನ್ನು ಗಾಡಿಯಿಂದ ಇಳಿಸಲಿಕ್ಕೆ ಅವಳ ಕೈಚಳಕವನ್ನೇ ಬಳಸಿಕೊಂಡಿದ್ದೆ. ಅವಳು ಅವರನ್ನು ಒಂದು ಸುತ್ತು ಕರೆದುಕೊಂಡು ಹೋಗಿ ಬಂದಳು. ಕೋರೆಯವರು ಇಳಿದು ಅವಳನ್ನೇ ಕೇಳಿದರು.

"ಅಕ್ಕ, ಇಷ್ಟು ಒಳ್ಳೆಯ ಗಾಡಿ ನೀವು ಯಾಕೆ ಕೊಡುವುದು?"

"ಗೇರ್ ಸರಿ ಇಲ್ಲವಂತೆ" ಎಂದಳು ಶಶಿ. ನನ್ನ ಕಡೆ ನೋಡಲಿಲ್ಲ.

ಆಮೇಲೆ ಅವಳು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದು ತನ್ನ ಸಾಮಾನು ತೆಗೆಯತೊಡಗಿದಳು. ಓದುವ ಕನ್ನಡಕ. ಎರಡು ಪ್ರಸಂಗದ ಪುಸ್ತಕ, ಅದರ ತುಂಬ ಪೆನ್ಸಿಲ್ ಗುರುತು. ಗಂಟಲಿಗೆಂದು ಇಟ್ಟುಕೊಂಡ ಜ್ಯೇಷ್ಠಮಧುವಿನ ಡಬ್ಬಿ. ಎಲ್ಲವನ್ನೂ ಸೆರಗಿನಲ್ಲಿ ಹಾಕಿಕೊಂಡು, ಕೊನೆಗೆ ಸ್ಟಿಯರಿಂಗ್ ಮೇಲೆ ಕೂತ ಧೂಳನ್ನು ಕೈಯಲ್ಲೇ ಒರೆಸಿದಳು. ಮಾರಿಹೋಗುವ ದನದ ಬೆನ್ನನ್ನು ಹಾಗೆ ಒಮ್ಮೆ ಸವರುವುದನ್ನು ನಾನು ನೋಡಿದ್ದೇನೆ. ಕೋರೆಯವರು ಮುಂಗಡ ಕೊಡಲು ಮೊಬೈಲ್ ತೆಗೆದರು.

"ಇಲ್ಲ ಮಾರಾಯ್ರೆ, ಗಾಡಿ ಕೊಡುವುದಿಲ್ಲ" ಎಂದು ಬಿಟ್ಟೆ.

"ಮತ್ತೆ ನನ್ನನ್ನು ಇಲ್ಲಿಯವರೆಗೆ ಬರಿಸಿದ್ದು ಯಾಕೆ?" ಎಂದು ಅವರು ಸಿಟ್ಟಾದರು. ಅದು ನ್ಯಾಯವೇ. ಚಹಾ ಕೊಟ್ಟೆ, ಕುಡಿಯದೆ ಹೋದರು. ಶಶಿ ಸೆರಗಿನ ಗಂಟು ಹಿಡಿದುಕೊಂಡು ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿದ್ದಳು. ಪೆಟ್ಟಿಗೆಯಲ್ಲಿ ಪುನಃ ಇಡಬೇಕೋ ಬೇಡವೋ ಎಂದು ಅವಳಿಗೆ ಗೊತ್ತಾಗಲಿಲ್ಲ. ಇಡು ಎಂದು ನಾನು ಹೇಳಬೇಕಿತ್ತು.

ಸೋಮವಾರ ಇಬ್ಬರೂ ಮೂಡುಬಿದಿರೆಗೆ ಹೋದೆವು. ಪೊರ್ಬುಗಳು ಎಣ್ಣೆ, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ಬದಲಿಸಿ, ಒಂದು ಕಂಪ್ಯೂಟರನ್ನು ಗಾಡಿಗೆ ಸಿಕ್ಕಿಸಿದರು. "ಈ ಗೇರ್‌ಬಾಕ್ಸಿಗೆ ನೆನಪಿನ ಶಕ್ತಿ ಉಂಟು. ಓಡಿಸುವವರ ಕಾಲನ್ನು ಕಲಿಯುತ್ತದೆ. ಹಳೆಯದನ್ನೆಲ್ಲ ಅಳಿಸಿದ್ದೇನೆ. ಇನ್ನೊಂದು ವಾರ ಒಬ್ಬರೇ ಓಡಿಸಿ. ಯಾರು ಓಡಿಸ್ತಾರೋ ಅವರ ಹಾಗೆ ಕಲಿಯುತ್ತದೆ" ಎಂದರು. ಶಶಿ ಅವರಿಂದ ಕೀ ತೆಗೆದುಕೊಂಡು ನನ್ನ ಕಡೆ ಚಾಚಿದಳು. ಯೋಚಿಸಿ ಚಾಚಿದ್ದಲ್ಲ, ಬಿಲ್ಲು ಕೊಡುವಾಗ ಚಾಚುವ ಹಾಗೆ.

"ನೀನೇ ಓಡಿಸು" ಎಂದೆ. ಅವಳು ನನ್ನ ಮುಖವನ್ನು ಜ್ವರ ಬಂದವರನ್ನು ನೋಡುವ ಹಾಗೆ ನೋಡಿ, ಸೀಟು ಮುಂದಕ್ಕೆ ಎಳೆದಳು.

ಪೇಟೆ ದಾಟಿ ಮೊದಲ ಏರು ಮುಗಿದ ಮೇಲೆ ಬಾಯಿ ಬಿಟ್ಟೆ. "ಶಶೀ, ಈ ಗೇರ್‌ಬಾಕ್ಸ್ ಹಾಳು ಮಾಡಿದ್ದು ನಾನೇ. ನನ್ನ ಎಡಗಾಲು ಬ್ರೇಕಿನ ಮೇಲೆ ಇರ್ತಿತ್ತು."

"ಗೊತ್ತುಂಟು" ಎಂದಳು.

"ಜುಲೇಖಾ ಹೇಳಿದಳಾ?"

"ಅವಳು ಯಾಕೆ ಹೇಳಬೇಕು? ನಾನು ನಿಮ್ಮ ಪಕ್ಕದಲ್ಲಿ ಕೂತವಳಲ್ಲವಾ? ನಿಮ್ಮ ಕಾಲು ನನಗೆ ಕಾಣುವುದಿಲ್ಲವಾ? ನಾನು ಓಡಿಸ್ಲಿಕ್ಕೆ ಕಲಿತ ತಿಂಗಳೇ ಗೊತ್ತಾಗಿದೆ."

"ಮತ್ತೆ ಹೇಳಬಾರದಿತ್ತಾ ಮಾರಾಯ್ತಿ? ಗಾಡಿ ಮಾರುವವರೆಗೆ ಬಂತಲ್ಲ!"

ಮುಂದೆ ಒಂದು ಬಸ್ಸು ಜನ ಇಳಿಸಲು ನಿಂತಿತ್ತು. ಅವಳು ಅದರ ಹಿಂದೆ ಗಾಡಿ ನಿಲ್ಲಿಸಿ ಕಾದಳು.

"ಹೇಳಿದ್ದರೆ ನೀವು ಕಾಲು ಸರಿ ಮಾಡಿಕೊಳ್ತಿದ್ದಿರಿ. ಗಾಡಿ ನಿಮಗೂ ಸರಿಯಾಗಿ ಹೋಗ್ತಿತ್ತು. ಮತ್ತೆ ನನಗೆ ಕೀ ಸಿಗ್ತಿತ್ತಾ? ಹೇಳಿದರೆ ಕೀ ಹೋಗ್ತದೆ, ಹೇಳದಿದ್ದರೆ ಗಾಡಿ ಹೋಗ್ತದೆ. ನನಗೆ ಎರಡೂ ಒಂದೇ. ಹಾಗೆ ಸುಮ್ಮನಿದ್ದೆ."

ವೇದಿಕೆಯಲ್ಲಿ ಎಷ್ಟೋ ಸಲ ಅವಳ ಅರ್ಥ ಕೇಳಿದ್ದೇನೆ. ಸ್ವರ ಏರಿಸುವುದು, ಇಳಿಸುವುದು, ಸಭೆಯನ್ನು ಅಳಿಸುವುದು ಅವಳಿಗೆ ಬರುತ್ತದೆ. ಈ ಮಾತನ್ನು ಅಕ್ಕಿಯ ದರ ಹೇಳಿದ ಹಾಗೆ ಹೇಳಿದಳು. ಸಿಗ್ತಿತ್ತು, ಖಂಡಿತ ಸಿಗ್ತಿತ್ತು ಎನ್ನಲು ನಾನು ಬಾಯಿ ತೆರೆದೆ. ರಬ್ಬರ್ ತೋಟದಲ್ಲಿ ಚಪ್ಪಾಳೆ ಹೊಡೆದವನು ನಾನೇ ಆದ್ದರಿಂದ ಆ ಮಾತು ಬರಲಿಲ್ಲ. ಬಸ್ಸು ಹೊರಟಿತು, ಅವಳೂ ಹೊರಟಳು. ಎರಡರಿಂದ ಮೂರಕ್ಕೆ ಹೋದದ್ದು ಮೈಗೆ ತಿಳಿಯಲಿಲ್ಲ. ನನಗೆ ಪುನಃ ಹೊಟ್ಟೆಕಿಚ್ಚಾಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದನ್ನು ಎಲ್ಲಿ ಇಡಬೇಕೆಂದು ಈ ಸಲ ಗೊತ್ತಾಗಲಿಲ್ಲ.

ಮನೆಗೆ ಬಂದು ಅವಳು ಕೀಯನ್ನು ನನ್ನ ಮೇಜಿನ ಮೇಲೆ ಇಡಲು ಹೋದಾಗ, "ನಿನ್ನ ಚೀಲದಲ್ಲೇ ಇರಲಿ, ನನಗೆ ಬೇಕಾದಾಗ ಕೇಳ್ತೇನೆ" ಎಂದೆ. ದೊಡ್ಡ ತ್ಯಾಗ ಮಾಡಿದವನ ಹಾಗೆ ಹೇಳಿದೆನೆಂದು ಕಾಣುತ್ತದೆ, ಅವಳಿಗೆ ನಗು ಬಂತು. ಒಂದು ವಾರ ಕಳೆದು, ಒಂದು ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಅಳತೆ ಇತ್ತು. ಹೋಗಿ ಕೀ ಕೇಳಿದೆ. ಅವಳು ಚೀಲಕ್ಕೆ ಕೈ ಹಾಕಿ, ತೆಗೆಯುವ ಮೊದಲು ಕೇಳಿದಳು.

"ಎಷ್ಟು ಹೊತ್ತಿಗೆ ಬರ್ತೀರಿ? ನನಗೆ ಸಂಜೆ ಕೂಟ ಉಂಟು."

ನಾಲ್ಕು ಗಂಟೆಯ ಒಳಗೆ ತಂದು ಕೊಡುತ್ತೇನೆ ಎಂದೆ.